‘ಔರೆಯುಸ್’ ಅಂದರೆ ಚಿನ್ನದ್ದು, ಸರಿ. ಆದರೆ ಆ ಪದ ಬಂದಿದ್ದು ಎಲ್ಲಿಂದ?

ಕಲ್ಚರ್‌ಪ್ಲೇಟ್:
ಎಲ್ಲರಿಗೂ ನಮಸ್ಕಾರ. ನಾನು ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ‘ಸ್ಟೆಫಿಲೊಕಾಕಸ್ ಔರಿಯಸ್’ ಎಂಬ ಬ್ಯಾಕ್ಟೀರಿಯಾದ ಹೆಸರನ್ನು ದಿನಾ ರಿಪೋರ್ಟ್‌ನಲ್ಲಿ ಟೈಪ್ ಮಾಡುತ್ತೇನೆ. ಔರಿಯಸ್ ಅಂದರೆ ಲ್ಯಾಟಿನ್‌ನಲ್ಲಿ ಚಿನ್ನದ ಬಣ್ಣದ್ದು ಅಂತ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು, ಅಲ್ಲಿಗೇ ಬಿಟ್ಟಿದ್ದರು. ಈಗ ಮನೆಯಲ್ಲಿ ಇದರ ಮೇಲೆ ದೊಡ್ಡ ವಾದ ನಡೆದಿದೆ. ಇದು ಸಂಸ್ಕೃತದ ‘ಅರುಣ’ದಿಂದ ಹೋದ ಪದ, ಬೆಳಗಿನ ಕೆಂಪು ಬಣ್ಣ, ಅದೇ ಚಿನ್ನದ ಬಣ್ಣ ಅಂತ ಮಾವನವರು ಹೇಳುತ್ತಾರೆ. ಅರುಣ ಅಲ್ಲ, ‘ಉಷಸ್’ ಅಂತ ನನ್ನ ತಮ್ಮ. ನನಗೆ ಎರಡೂ ದೂರದ ಮಾತು ಅನ್ನಿಸುತ್ತದೆ, ‘ಔರಿಯಸ್’ನಲ್ಲಿ ‘ಷ’ ಎಲ್ಲಿದೆ ಹೇಳಿ? ಗೊತ್ತಿರುವವರು ಬಿಡಿಸಿ ಹೇಳಿದರೆ ಉಪಕಾರ.

ಹಳೆಮಾತು:
ಮೇಡಂ, ನಿಮ್ಮ ತಮ್ಮ ಹಿಡಿದ ದಾರಿ ಸರಿ. ಆದರೆ ಉಷಸ್‌ನಿಂದ ಔರೆಯುಸ್ (ನಿಮ್ಮ ಔರಿಯಸ್ ಪದದ ಹಳೆಯ ಲ್ಯಾಟಿನ್ ಉಚ್ಚಾರಣೆ) ಬಂತು ಎನ್ನುವ ಹಾಗಿಲ್ಲ, ಎರಡೂ ಒಂದೇ ಬೇರಿನಿಂದ ಹೊರಟು ಬೇರೆ ಬೇರೆ ಕಡೆ ಬೆಳೆದವು. ನಿಮ್ಮ ‘ಷ’ ಎಲ್ಲಿದೆ ಅನ್ನುವ ಪ್ರಶ್ನೆಯಲ್ಲೇ ಪೂರ್ತಿ ಕಥೆ ಇದೆ, ಅದಕ್ಕೇ ನಿಧಾನವಾಗಿ ಬರೆಯುತ್ತೇನೆ.

ಮೊದಲು ಪದದ ಕಟ್ಟು. ಲ್ಯಾಟಿನ್‌ನಲ್ಲಿ ಚಿನ್ನಕ್ಕೆ ‘ಔರುಮ್’. ಅದಕ್ಕೆ ‘-ಎಯುಸ್’ ಎಂಬ ಪ್ರತ್ಯಯ ಹತ್ತಿದರೆ ‘ಔರೆಯುಸ್’. ಈ ಪ್ರತ್ಯಯದ ಮೂಲ ಕೆಲಸ ಒಂದೇ, ‘ಇಂಥದ್ದರಿಂದ ಮಾಡಿದ್ದು’ ಎಂದು ಹೇಳುವುದು. ಫೆರುಮ್ ಅಂದರೆ ಕಬ್ಬಿಣ, ಫೆರೆಯುಸ್ ಅಂದರೆ ಕಬ್ಬಿಣದ್ದು. ಲಿಗ್ನುಮ್ ಅಂದರೆ ಕಟ್ಟಿಗೆ, ಲಿಗ್ನೆಯುಸ್ ಅಂದರೆ ಕಟ್ಟಿಗೆಯದು. ಅರ್ಗೆಂಟುಮ್ ಬೆಳ್ಳಿ, ಅರ್ಗೆಂಟೆಯುಸ್ ಬೆಳ್ಳಿಯದು. ಹಾಗಾಗಿ ಔರೆಯುಸ್ ಅಂದರೆ ಮೊದಲಿಗೆ ಚಿನ್ನದಿಂದ ಮಾಡಿದ್ದು, ಉಂಗುರ, ಬಟ್ಟಲು, ಕಿರೀಟ ಇಂಥವು. ಚಿನ್ನದ ಬಣ್ಣದ್ದು, ಚಿನ್ನದಂಥದ್ದು ಎನ್ನುವ ಅರ್ಥಗಳೆಲ್ಲ ಅದರ ಮೇಲೆ ಬೆಳೆದವು. ಜೊತೆಗೆ ಬರುವ ನಾಮಪದದ ಲಿಂಗ ನೋಡಿಕೊಂಡು ರೂಪ ಬದಲಾಗುತ್ತದೆ: ಪುಲ್ಲಿಂಗಕ್ಕೆ ಔರೆಯುಸ್, ಸ್ತ್ರೀಲಿಂಗಕ್ಕೆ ಔರೆಯಾ, ನಪುಂಸಕಕ್ಕೆ ಔರೆಯುಮ್. ನಿಮ್ಮ ಸ್ಟೆಫಿಲೊಕಾಕಸ್ ಪುಲ್ಲಿಂಗ, ಅದಕ್ಕೇ ಔರೆಯುಸ್.

ಈಗ ‘ಔರುಮ್’ನ ‘ರ’. ಇದು ಹುಟ್ಟಿನಿಂದ ಬಂದ ‘ರ’ ಅಲ್ಲ. ಹಳೆಯ ಲ್ಯಾಟಿನ್‌ನಲ್ಲಿ ಎರಡು ಸ್ವರಗಳ ನಡುವೆ ಸಿಕ್ಕಿಕೊಂಡ ‘ಸ’ ಎಲ್ಲ ಕ್ರಮೇಣ ‘ರ’ ಆಯಿತು. ಹೂವಿಗೆ ‘ಫ್ಲೋಸ್’, ಆದರೆ ಹೂವಿನ ಅನ್ನುವಾಗ ‘ಫ್ಲೋರಿಸ್’. ಕುಲಕ್ಕೆ ‘ಗೆನುಸ್’, ಕುಲದ ಅನ್ನುವಾಗ ‘ಗೆನೆರಿಸ್’. ಸ್ವರಗಳ ನಡುವೆ ಬಿದ್ದ ಕೂಡಲೇ ‘ಸ’ ಹೋಗಿ ‘ರ’ ಬರುತ್ತದೆ ನೋಡಿ. ಕ್ರಿ.ಪೂ. 4ನೇ ಶತಮಾನದ ಹೊತ್ತಿಗೆ ಈ ಬದಲಾವಣೆ ಮುಗಿದಿತ್ತು. ಪಪೀರಿಯುಸ್ ಎಂಬ ಮನೆತನ ಮೊದಲು ಪಪೀಸಿಯುಸ್ ಎಂದು ಬರೆದುಕೊಳ್ಳುತ್ತಿತ್ತು, ಆ ಶತಮಾನದಲ್ಲೇ ಹೆಸರು ಬದಲಾಯಿತು ಅಂತ ರೋಮ್‌ನ ವಾಗ್ಮಿ ಸಿಸೆರೊ ಒಂದು ಪತ್ರದಲ್ಲಿ ಹೇಳುತ್ತಾನೆ.

ಅಂದಮೇಲೆ ಔರುಮ್ ಮೊದಲು ‘ಔಸುಮ್’ ಆಗಿರಬೇಕು. ಇದು ಬರೀ ಊಹೆ ಅಲ್ಲ. ಕ್ರಿ.ಶ. 2ನೇ ಶತಮಾನದ ಫೆಸ್ಟುಸ್ ಎಂಬ ವಿದ್ವಾಂಸನ ಪದಕೋಶದಲ್ಲಿ, ರೋಮ್‌ನ ನೆರೆಯ ಸಾಬೀನ್ ಜನ ಚಿನ್ನಕ್ಕೆ ‘ಔಸುಮ್’ ಎನ್ನುತ್ತಿದ್ದರು ಅಂತ ದಾಖಲಾಗಿದೆ. ‘ಔಸ್’ ಎಂಬ ಈ ಬೇರಿನ ಪಕ್ಕ ‘ಉಷಸ್’ ಇಟ್ಟು ನೋಡಿ. ಈಗ ಹತ್ತಿರ ಕಾಣುತ್ತದೆ ಅಲ್ವಾ?

ಕಲ್ಚರ್‌ಪ್ಲೇಟ್:
ತುಂಬಾ ಥ್ಯಾಂಕ್ಸ್ ಸರ್. ಹಾಗಾದರೆ ಅರುಣ?

ಹಳೆಮಾತು:
ಅರುಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಕಾರಣ ಮೇಲೆ ಹೇಳಿದ್ದೇ. ಔರುಮ್‌ನ ‘ರ’ ಇಟಲಿಯ ನೆಲದಲ್ಲಿ ತಡವಾಗಿ ಹುಟ್ಟಿದ್ದು, ಹಿಂದಕ್ಕೆ ಹೋದರೆ ಅಲ್ಲಿ ‘ಸ’ ಇದೆ. ಅರುಣದ ‘ರ’ದ ಹಿಂದೆ ಅಂಥ ‘ಸ’ ಇಲ್ಲ. ಇವತ್ತು ಕಿವಿಗೆ ಒಂದೇ ಥರ ಕೇಳುವ ಪದಗಳು ಹಿಂದೆ ಹೋದಷ್ಟೂ ದೂರವಾಗುತ್ತವೆ, ಔರುಮ್ ಮತ್ತು ಉಷಸ್ ಮಾತ್ರ ಹಿಂದೆ ಹೋದಷ್ಟೂ ಹತ್ತಿರ ಬರುತ್ತವೆ. ಪದಗಳ ನಂಟು ಹುಡುಕುವಾಗ ನಾವು ನೋಡಬೇಕಾದ್ದು ಇದನ್ನೇ. ಕಿವಿ ಹೇಳುವುದನ್ನು ನಂಬಿ ಹೊರಟರೆ ಎಲ್ಲಿಗೆ ಬೇಕಾದರೂ ತಲುಪಬಹುದು.

ಪ್ರಶ್ನೆಪತ್ರಿಕೆ:
ಹಳೆಮಾತು ಅವರೇ, ನಿಮ್ಮ ನಿಯಮದ ಬಗ್ಗೆ ನನಗೆ ಅನುಮಾನ ಇದೆ. ಸ್ವರಗಳ ನಡುವಿನ ‘ಸ’ ಎಲ್ಲ ‘ರ’ ಆಯಿತು ಅಂದಿರಿ. ಹಾಗಾದರೆ ಗುಲಾಬಿಗೆ ‘ರೋಸಾ’ ಯಾಕೆ ಉಳಿಯಿತು? ಕಾರಣಕ್ಕೆ ‘ಕೌಸಾ’ ಇದೆ. ಕತ್ತೆಗೆ ‘ಅಸಿನುಸ್’ ಇದೆ. ನಿಮಗೆ ಬೇಕಾದ ಕಡೆ ನಿಯಮ, ಬೇಡವಾದ ಕಡೆ ಇಲ್ಲ ಅಂದರೆ ಅದನ್ನು ನಿಯಮ ಅಂತ ಹೇಗೆ ಒಪ್ಪುವುದು?

ಹಳೆಮಾತು:
ಕೇಳಲೇಬೇಕಾದ ಪ್ರಶ್ನೆ ಇದು. ನಿಯಮ ಒಂದು ಕಾಲದಲ್ಲಿ ಕೆಲಸ ಮಾಡಿ ನಿಲ್ಲುತ್ತದೆ. ಆಮೇಲೆ ಬಂದ ಪದಗಳಿಗೆ ಅದು ತಟ್ಟುವುದಿಲ್ಲ. ರೋಸಾ, ಅಸಿನುಸ್ ಎರಡೂ ಬೇರೆ ಭಾಷೆಯಿಂದ ಲ್ಯಾಟಿನ್‌ಗೆ ಬಂದ ಪದಗಳು. ಕೌಸಾದ್ದು ಬೇರೆ ಕಥೆ. ಅದರಲ್ಲಿ ಮೊದಲು ‘ಸ’ಕ್ಕೆ ಒತ್ತು ಇತ್ತು, ‘ಕೌಸ್ಸಾ’. ಸಿಸೆರೊ ಕಾಲದಲ್ಲಿ ಹಾಗೇ ಎರಡು ‘ಸ’ ಹಾಕಿ ಬರೆಯುತ್ತಿದ್ದರು ಅಂತ ರೋಮ್‌ನ ಭಾಷಣಕಲೆಯ ಮೇಷ್ಟ್ರು ಕ್ವಿಂಟಿಲಿಯನ್ ಹೇಳಿದ್ದಾನೆ. ಒತ್ತಿನ ‘ಸ’ ಬದಲಾಗಲಿಲ್ಲ, ಒತ್ತು ಸವೆದು ಹೋದದ್ದು ನಿಯಮ ನಿಂತ ಮೇಲೆ. ಅಪವಾದ ಇಲ್ಲವೇ ಇಲ್ಲ ಎಂದು ಹೇಳುತ್ತಿಲ್ಲ, ‘ಮಿಸೆರ್’ (ಬಡಪಾಯಿ) ಎಂಬ ಪದ ಉಳಿದುಕೊಂಡಿದೆ. ಅಲ್ಲಿ ‘ಸ’ದ ಪಕ್ಕದಲ್ಲೇ ಇನ್ನೊಂದು ‘ರ’ ಇದೆ, ಅದೇ ತಡೆದಿರಬೇಕು ಎನ್ನುತ್ತಾರೆ.

ನಮ್ಮ ಕನ್ನಡದಲ್ಲೇ ಇಂಥದ್ದು ನಡೆದಿದೆ, ಅದೂ ಚಿನ್ನದ ಪದಕ್ಕೇ. ಹಳಗನ್ನಡದಲ್ಲಿ ‘ಪೊನ್’. ಪದದ ಮೊದಲ ‘ಪ’ ಎಲ್ಲ ‘ಹ’ ಆದಾಗ ಅದು ಹೊನ್ನು ಆಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಆದರೆ ಪುಸ್ತಕ ಹುಸ್ತಕ ಆಗಲಿಲ್ಲ, ಪತ್ರ ಹತ್ರ ಆಗಲಿಲ್ಲ, ಯಾಕೆಂದರೆ ಅವು ಸಂಸ್ಕೃತದಿಂದ ತೆಗೆದುಕೊಂಡ ಪದಗಳು. ಉಪ್ಪು, ತುಪ್ಪದ ಒತ್ತಿನ ‘ಪ’ ಹಾಗೇ ಇದೆ. ತಮಿಳಿನಲ್ಲಿ ಇವತ್ತಿಗೂ ‘ಪೊನ್’ ಎನ್ನುತ್ತಾರೆ. ರೋಮನರಿಗೆ ಸಾಬೀನರ ‘ಔಸುಮ್’ ಹೇಗೋ, ನಮಗೆ ತಮಿಳರ ‘ಪೊನ್’ ಹಾಗೆ. ನಾವು ಬದಲಾಯಿಸಿಕೊಂಡ ಧ್ವನಿಯನ್ನು ನೆರೆಯವರು ಉಳಿಸಿಕೊಂಡಿದ್ದಾರೆ.

ಪ್ರಶ್ನೆಪತ್ರಿಕೆ:
ಹೊನ್ನು, ಪೊನ್ ಜೊತೆ ಇಟ್ಟು ನೋಡಿದಾಗ ಚೆನ್ನಾಗಿ ಅರ್ಥವಾಯಿತು. ಇನ್ನೊಂದು ಕೇಳುತ್ತೇನೆ. ‘ಔಸ್’ಗೂ ಬೆಳಗಿಗೂ ನಂಟು ಇದೆ ಅನ್ನುವುದಕ್ಕೆ ಲ್ಯಾಟಿನ್‌ನಲ್ಲೇ ಪುರಾವೆ ಇದೆಯಾ, ಅಥವಾ ಅದಕ್ಕೆ ಸಂಸ್ಕೃತವೇ ಬೇಕಾ?

ಛಂದಸ್ಸು:
ಇದಕ್ಕೆ ನಾನು ಉತ್ತರಿಸುತ್ತೇನೆ, ಸಂಸ್ಕೃತ ಮೇಷ್ಟ್ರಾಗಿ ನಿವೃತ್ತನಾದವನು ನಾನು. ಲ್ಯಾಟಿನ್‌ನಲ್ಲಿ ಬೆಳಗಿನ ದೇವತೆಯ ಹೆಸರು ‘ಔರೋರಾ’. ಎರಡು ‘ರ’ ಇದೆ, ನೋಡಿದಿರಾ? ಹಳೆಮಾತು ಅವರು ಹೇಳಿದ ನಿಯಮವನ್ನು ಹಿಂದಕ್ಕೆ ತಿರುಗಿಸಿದರೆ ಎರಡೂ ‘ಸ’ ಆಗುತ್ತವೆ, ‘ಔಸೋಸಾ’. ಕೊನೆಯ ‘ಆ’ ಆಮೇಲೆ ಸೇರಿಸಿದ್ದು, ಅದನ್ನು ತೆಗೆದರೆ ‘ಔಸೋಸ್’. ಅದರ ಪಕ್ಕದಲ್ಲಿ ವೇದದ ‘ಉಷಸ್’, ಪ್ರಥಮಾ ವಿಭಕ್ತಿಯಲ್ಲಿ ‘ಉಷಾಃ’. ಅಚ್ಚುಕಟ್ಟಾಗಿ ಕೂಡುತ್ತದೆ. ಗ್ರೀಕ್‌ನಲ್ಲಿ ‘ಏಓಸ್’, ನಡುವಿನ ‘ಸ’ ಅಲ್ಲಿ ಪೂರ್ತಿ ಬಿದ್ದುಹೋಗಿದೆ. ಲಿಥುವೇನಿಯನ್ ಭಾಷೆಯಲ್ಲಿ ಬೆಳಗಿಗೆ ‘ಔಶ್ರಾ’. ಇಂಗ್ಲಿಷಿನ ‘ಈಸ್ಟ್’ ಕೂಡ ಇದೇ ಮನೆತನ, ಸೂರ್ಯ ಬೆಳಗುವ ದಿಕ್ಕು.

ಚಿನ್ನದ ಕಡೆ ನೋಡಿದರೆ ಲಿಥುವೇನಿಯನ್‌ನಲ್ಲಿ ಚಿನ್ನಕ್ಕೆ ‘ಔಕ್ಸಸ್’. ನಡುವಿನ ‘ಕ’ ಆ ಭಾಷೆಯಲ್ಲಿ ತಾನಾಗಿ ಸೇರಿಕೊಂಡದ್ದು. ಅದರ ಸೋದರ ಭಾಷೆ ಹಳೇ ಪ್ರಶಿಯನ್, ಈಗ ಯಾರೂ ಆಡುವುದಿಲ್ಲ, ಅದರಲ್ಲಿ ‘ಔಸಿಸ್’ ಎಂದಿತ್ತು, ‘ಕ’ ಇಲ್ಲದೆ. ಇನ್ನೂ ಅಚ್ಚರಿ ಎಂದರೆ ಮಧ್ಯ ಏಷ್ಯಾದ ತಾರಿಮ್ ಕಣಿವೆಯಲ್ಲಿ, ಈಗಿನ ಚೀನಾದ ಪಶ್ಚಿಮ ಅಂಚಿನಲ್ಲಿ, ಬೌದ್ಧ ಗ್ರಂಥಗಳನ್ನು ಬರೆದಿಟ್ಟ ತೊಖಾರಿಯನ್ ಜನರ ಭಾಷೆಯಲ್ಲಿ ಚಿನ್ನಕ್ಕೆ ‘ಯಸ’ ಎಂಬ ಪದ ಇತ್ತು, ಅದನ್ನೂ ಈ ಬೇರಿಗೇ ಸೇರಿಸುತ್ತಾರೆ. ಇಟಲಿ, ಬಾಲ್ಟಿಕ್ ಕರಾವಳಿ, ತಾರಿಮ್ ಮೂರೂ ಒಂದಕ್ಕೊಂದು ಎಷ್ಟು ದೂರ ನೋಡಿ. ಅಷ್ಟು ದೂರದ ಜನ ಚಿನ್ನಕ್ಕೆ ‘ಬೆಳಗುವಂಥದ್ದು’ ಎಂಬ ಒಂದೇ ಹಳೆಯ ಹೆಸರನ್ನು ಹಿಡಿದುಕೊಂಡು ಬಂದಿದ್ದಾರೆ. ಇದನ್ನು ಮೊದಲು ಓದಿದಾಗ ಆದ ಸಂತೋಷ ಇನ್ನೂ ಹೋಗಿಲ್ಲ.

ಪ್ರಶ್ನೆಪತ್ರಿಕೆ:
ಸರ್, ಹಾಗಾದರೆ ಸಂಸ್ಕೃತದಲ್ಲಿ ಚಿನ್ನಕ್ಕೆ ಆ ಬೇರಿನ ಪದ ಯಾಕಿಲ್ಲ? ನಮಗೆ ಹಿರಣ್ಯ ಇದೆ, ಸುವರ್ಣ, ಕನಕ, ಹೇಮ ಇವೆ. ಹಿರಣ್ಯಕ್ಕೂ ಔರುಮ್‌ಗೂ ನಂಟಿದೆಯಾ?

ಛಂದಸ್ಸು:
ಇಲ್ಲ. ಹಿರಣ್ಯದ ಬೇರು ಬೇರೆ. ಹಳದಿ, ಹಸುರು, ಹೊಳಪು ಎಂಬ ಅರ್ಥದ ಬೇರು ಅದು, ‘ಹರಿ’, ‘ಹರಿತ’ ಎಲ್ಲ ಅಲ್ಲಿಂದಲೇ. ಇಂಗ್ಲಿಷಿನ ‘ಗೋಲ್ಡ್’, ಅದರ ಜೊತೆಗೇ ‘ಯೆಲ್ಲೋ’, ರಷ್ಯನ್ನರ ‘ಜೊಲೊತೊ’ ಇವೆಲ್ಲ ಹಿರಣ್ಯದ ಬಂಧುಗಳು. ಅಂದರೆ ಈ ಭಾಷಾ ಕುಟುಂಬದಲ್ಲಿ ಚಿನ್ನಕ್ಕೆ ಎರಡು ದಾರಿಯಲ್ಲಿ ಹೆಸರು ಬಂದಿದೆ. ಕೆಲವರು ಬಣ್ಣ ನೋಡಿ ಕರೆದರು, ಕೆಲವರು ಬೆಳಕು ನೋಡಿ ಕರೆದರು.

ಗ್ರೀಕರು ಎರಡೂ ಬಿಟ್ಟು ‘ಖ್ರೂಸೋಸ್’ ಅಂದರು. ಅದು ಅರಬ್ಬಿ, ಹೀಬ್ರೂ ಸೇರಿದ ಸೆಮಿಟಿಕ್ ಭಾಷೆಗಳಿಂದ ತೆಗೆದುಕೊಂಡ ಪದ, ಹಳೆಯ ಮೆಸೊಪೊಟೇಮಿಯಾದ ಅಕ್ಕಾಡಿಯನ್‌ನಲ್ಲಿ ‘ಹುರಾಸು’ ಇದೆ. ವ್ಯಾಪಾರದ ಜೊತೆ ಪದವೂ ಬಂದಿರುತ್ತದೆ.

ಇದರಲ್ಲಿ ನನಗೆ ಇಷ್ಟವಾದ ಒಂದು ಸಂಗತಿ ಇದೆ. ಋಗ್ವೇದದ 7ನೇ ಮಂಡಲದಲ್ಲಿ ಉಷೆಯನ್ನು ‘ಹಿರಣ್ಯವರ್ಣಾ’ ಎಂದು ಕರೆದಿದೆ, ಚಿನ್ನದ ಬಣ್ಣದವಳು ಅಂತ. ರೋಮನರ ಚಿನ್ನ ಬೆಳಗಿನಿಂದ ಹೆಸರು ಪಡೆಯಿತು, ನಮ್ಮ ಋಷಿಗಳು ಬೆಳಗನ್ನೇ ಚಿನ್ನಕ್ಕೆ ಹೋಲಿಸಿದರು.

ಕಲ್ಚರ್‌ಪ್ಲೇಟ್:
ಮೇಷ್ಟ್ರೇ, ಇದನ್ನು ಮಾವನವರಿಗೆ ಓದಿ ಹೇಳಿದೆ. ಅರುಣ ಹೋದರೂ ಉಷೆ ಬಂದಳಲ್ಲ ಅಂತ ಖುಷಿಪಟ್ಟರು.

ನನ್ನ ಕಡೆಯಿಂದ ಬ್ಯಾಕ್ಟೀರಿಯಾ ವಿಷಯ ಹೇಳುತ್ತೇನೆ. ಸ್ಟೆಫಿಲೊಕಾಕಸ್ ಎಂಬ ಹೆಸರು ಕೊಟ್ಟವನು ಸ್ಕಾಟ್ಲೆಂಡಿನ ಸರ್ಜನ್ ಅಲೆಕ್ಸಾಂಡರ್ ಆಗ್‌ಸ್ಟನ್, 1880ರ ದಶಕದ ಶುರುವಿನಲ್ಲಿ. ಕೀವಿನಲ್ಲಿ ದ್ರಾಕ್ಷಿ ಗೊಂಚಲಿನ ಹಾಗೆ ಗುಂಪಾಗಿ ಕಂಡದ್ದರಿಂದ ಆ ಗ್ರೀಕ್ ಹೆಸರು. 1884ರಲ್ಲಿ ಜರ್ಮನಿಯ ರೋಸೆನ್‌ಬಾಖ್ ಅದನ್ನು ಪ್ಲೇಟ್‌ನಲ್ಲಿ ಬೆಳೆಸಿ, ಕಾಲನಿಗಳ ಬಣ್ಣ ನೋಡಿ ಎರಡಾಗಿ ವಿಂಗಡಿಸಿದ. ಹಳದಿ ಬಂದದ್ದು ಔರಿಯಸ್, ಬಿಳಿ ಬಂದದ್ದು ಆಲ್ಬಸ್. ಆ ಹಳದಿಗೆ ಕಾರಣ ಸ್ಟೆಫಿಲೊಕ್ಸಾಂಥಿನ್ ಎಂಬ ಪಿಗ್ಮೆಂಟ್, ಕ್ಯಾರೆಟ್‌ನಲ್ಲಿ ಇರುವಂಥ ಕೆರೋಟಿನಾಯ್ಡ್ ಗುಂಪಿನದೇ. ಅದು ಸುಮ್ನೆ ಚಂದಕ್ಕೆ ಇರುವ ಬಣ್ಣವಲ್ಲ. ನಮ್ಮ ರಕ್ತದ ಬಿಳಿ ಕಣಗಳು ಬ್ಯಾಕ್ಟೀರಿಯಾವನ್ನು ಕೊಲ್ಲಲು ಬಿಡುವ, ಆಕ್ಸಿಡೈಸ್ ಮಾಡುವ ರಾಸಾಯನಿಕಗಳನ್ನು ಈ ಪಿಗ್ಮೆಂಟ್ ತಡೆದುಕೊಳ್ಳುತ್ತದೆ. ಎಲ್ಲ ತಳಿಯಲ್ಲೂ ಬಣ್ಣ ಒಂದೇ ಸಮ ಇರುವುದಿಲ್ಲ, ಕೆಲವು ಕೆನೆ ಬಣ್ಣಕ್ಕೇ ನಿಲ್ಲುತ್ತವೆ. ಅದಕ್ಕೇ ಬಣ್ಣ ಒಂದನ್ನೇ ನಂಬಿ ಗುರುತು ಹಿಡಿಯುವುದಿಲ್ಲ, ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸುತ್ತದೆಯಾ ಎಂದು ನೋಡುವ ಕೊಯಾಗ್ಯುಲೇಸ್ ಟೆಸ್ಟ್ ಮಾಡುತ್ತೇವೆ. ಆದರೂ ಬ್ಲಡ್ ಅಗರ್ ಪ್ಲೇಟ್ ಮೇಲೆ ಚೆನ್ನಾಗಿ ಬೆಳೆದ ಒಂದು ದಿನದ ಕಾಲನಿ ನೋಡಿದರೆ, ಹೆಸರಿಟ್ಟವನ ಕಣ್ಣು ಸರಿಯಾಗಿತ್ತು ಅನ್ನಿಸುತ್ತದೆ.

ಹಳೇಕಾಸು:
ನಾಣ್ಯದ ಕಡೆಯಿಂದ ನಾನು ಸೇರಿಕೊಳ್ಳುತ್ತೇನೆ. ನಾಣ್ಯ ಸಂಗ್ರಹ ಮಾಡುವವರಿಗೆ ಔರೆಯುಸ್ ಅಂದರೆ ಗುಣವಾಚಕ ಅಲ್ಲ, ರೋಮ್‌ನ ಚಿನ್ನದ ನಾಣ್ಯ. ಮೊದಲು ‘ದೆನಾರಿಯುಸ್ ಔರೆಯುಸ್’ ಎಂದಿತ್ತು, ಅಂದರೆ ಚಿನ್ನದ ದೆನಾರಿಯುಸ್. ಬಳಸಿ ಬಳಸಿ ಮುಂದಿನ ಪದ ಬಿದ್ದುಹೋಗಿ ಔರೆಯುಸ್ ಒಂದೇ ಉಳಿಯಿತು. ನಮ್ಮಲ್ಲೂ ‘ಹೊನ್ನು’ ಅಂದರೆ ಲೋಹವೂ ಹೌದು, ನಾಣ್ಯವೂ ಹೌದು. ಶಾಸನಗಳಲ್ಲಿ ಗದ್ಯಾಣ, ಹೊನ್ನು ಅಂತ ಲೆಕ್ಕ ಬರುವುದನ್ನು ಓದಿದವರಿಗೆ ಇದು ಗೊತ್ತಿರುತ್ತದೆ.

ಒಂದು ಔರೆಯುಸ್‌ಗೆ 25 ಬೆಳ್ಳಿಯ ದೆನಾರಿಯುಸ್, ಅಂದರೆ 100 ಸೆಸ್ಟರ್ಸ್ (ಅವರ ಸಣ್ಣ ನಾಣ್ಯ). ಜೂಲಿಯಸ್ ಸೀಸರ್ ಕಾಲದಲ್ಲಿ ಒಂದು ರೋಮನ್ ಪೌಂಡ್ ಚಿನ್ನಕ್ಕೆ 40 ನಾಣ್ಯ ಹೊಡೆಯುತ್ತಿದ್ದರು, ಒಂದೊಂದೂ ಸುಮಾರು 8 ಗ್ರಾಂ. ಕ್ರಿ.ಶ. 64ರ ಹೊತ್ತಿಗೆ ಚಕ್ರವರ್ತಿ ನೀರೋ ಅದನ್ನು 45ಕ್ಕೆ ಏರಿಸಿದ, ತೂಕ ಸುಮಾರು 7.3 ಗ್ರಾಂಗೆ ಇಳಿಯಿತು. ಅದೇ ವರ್ಷ ರೋಮ್ ಸುಟ್ಟುಹೋಗಿತ್ತು, ಆಮೇಲೆ ಅವನು ಕಟ್ಟಿಸಿದ ಅರಮನೆಯ ಹೆಸರು ‘ದೊಮುಸ್ ಔರೆಯಾ’, ಚಿನ್ನದ ಮನೆ. ಮುಂದೆ 4ನೇ ಶತಮಾನದ ಶುರುವಿನಲ್ಲಿ ಕಾನ್‌ಸ್ಟಂಟೈನ್ ಪೌಂಡಿಗೆ 72ರಂತೆ ‘ಸೊಲಿದುಸ್’ ಎಂಬ ಹೊಸ ನಾಣ್ಯ ತಂದ, ಔರೆಯುಸ್ ಹಿಂದೆ ಸರಿಯಿತು.

ದಕ್ಷಿಣ ಭಾರತಕ್ಕೆ ಈ ನಾಣ್ಯ ಚೆನ್ನಾಗಿ ಗೊತ್ತಿತ್ತು. ಭಾರತ ಪ್ರತಿ ವರ್ಷ ರೋಮ್‌ನಿಂದ 5 ಕೋಟಿ ಸೆಸ್ಟರ್ಸ್ ಎಳೆದುಕೊಳ್ಳುತ್ತದೆ ಅಂತ ರೋಮನ್ ಲೇಖಕ ಪ್ಲಿನಿ ದೂರಿದ್ದಾನೆ. ಔರೆಯುಸ್ ಲೆಕ್ಕದಲ್ಲಿ ಅದು 5 ಲಕ್ಷ ನಾಣ್ಯ. ಮೆಣಸು, ಮುತ್ತು, ಬಟ್ಟೆಗೆ ಕೊಟ್ಟ ಹಣ. 1898ರಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಸೀಮೆಯಲ್ಲಿ ಒಂದೇ ಕಡೆ ಸುಮಾರು 500 ಔರೆಯುಸ್ ಸಿಕ್ಕವು. ಅದರಲ್ಲಿ ಹೆಚ್ಚಿನವುಗಳ ಮೇಲೆ ಚಕ್ರವರ್ತಿಯ ಮುಖಕ್ಕೇ ಉಳಿಯಿಂದ ಗೀರು ಹಾಕಿದ್ದಾರೆ. ಇನ್ನು ಇದು ನಾಣ್ಯವಾಗಿ ಓಡಬಾರದು, ಚಿನ್ನ ಮಾತ್ರ ಅಂತ ಗುರುತು ಮಾಡಿದ್ದಿರಬೇಕು ಎನ್ನುವುದು ನನಗೆ ಒಪ್ಪುವ ವಿವರಣೆ.

ಪ್ರಶ್ನೆಪತ್ರಿಕೆ:
ನಮ್ಮ ಬೆಂಗಳೂರಲ್ಲೂ ರೋಮನ್ ಚಿನ್ನ ಸಿಕ್ಕಿತ್ತು ಅಂತ ಕೇಳಿದ ನೆನಪು. ಯಶವಂತಪುರದಲ್ಲಿ?

ಹಳೇಕಾಸು:
ಯಶವಂತಪುರದಲ್ಲಿ ಸಿಕ್ಕಿದ್ದು ನಿಜ, ಆದರೆ ಅದು ಬೆಳ್ಳಿ. 1891ರಲ್ಲಿ ರೈಲು ಹಾದಿಯ ಕೆಲಸ ಮಾಡುವಾಗ 163 ದೆನಾರಿಯುಸ್ ಸಿಕ್ಕವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ 256 ಸಿಕ್ಕವು, ಅವೂ ಬೆಳ್ಳಿಯವೇ. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ದೆನಾರಿಯುಸ್ ಬಂದಿದೆ. ಕರ್ನಾಟಕದಲ್ಲಿ ಚಿನ್ನ ಬೇಕು ಎಂದರೆ ಹಾವೇರಿ ಜಿಲ್ಲೆಯ ಅಕ್ಕಿಆಲೂರಿಗೆ ಹೋಗಬೇಕು, ಅಲ್ಲಿ ಸಿಕ್ಕ ಗಂಟಿನಲ್ಲಿ ಚಿನ್ನದ ನಾಣ್ಯಗಳಿದ್ದವು. ಆದರೆ ಅವುಗಳಲ್ಲಿ ಹೆಚ್ಚಿನವು ಬೈಜಾಂಟಿಯನ್ (ಪೂರ್ವ ರೋಮನ್ ಸಾಮ್ರಾಜ್ಯದ) ಕಾಲದವು, ಅಂದರೆ ಔರೆಯುಸ್ ಅಲ್ಲ, ಸೊಲಿದುಸ್. ಪತ್ರಿಕೆಗಳಲ್ಲಿ ಎಲ್ಲವನ್ನೂ ‘ರೋಮನ್ ಚಿನ್ನ’ ಎಂದು ಒಂದೇ ಚೀಲಕ್ಕೆ ಹಾಕಿ ಬರೆಯುವುದನ್ನು ನೋಡಿದಾಗ ನನಗೆ ಬೇಸರ ಆಗುತ್ತದೆ. ಯಾವ ಲೋಹ, ಯಾವ ಶತಮಾನ ಎಂದು ಗೊತ್ತಾದರೆ ತಾನೇ ಯಾರು ಯಾರ ಜೊತೆ ವ್ಯಾಪಾರ ಮಾಡಿದರು ಅಂತ ತಿಳಿಯುವುದು.

ಅಂದಹಾಗೆ ದೆನಾರಿಯುಸ್ ಪದವೂ ಇಲ್ಲಿಗೆ ಬಂತು. ಸಂಸ್ಕೃತದಲ್ಲಿ ‘ದೀನಾರ’ ಆಯಿತು, ಗುಪ್ತರ ಶಾಸನಗಳಲ್ಲಿ ಚಿನ್ನದ ನಾಣ್ಯಕ್ಕೆ ಅದೇ ಹೆಸರು. ರೋಮ್‌ನಲ್ಲಿ ಬೆಳ್ಳಿಯಾಗಿದ್ದ ಹೆಸರು ಇಲ್ಲಿ ಚಿನ್ನಕ್ಕೆ ಅಂಟಿಕೊಂಡಿತು.

ದುರ್ಬೀನು:
ಹಕ್ಕಿ ನೋಡುವವರ ಪರವಾಗಿ ನಾನೊಂದು ಸೇರಿಸುತ್ತೇನೆ. ನಮ್ಮ ತೋಟಗಳಲ್ಲಿ ಕಾಣುವ ಹೊನ್ನಕ್ಕಿ ಇದೆಯಲ್ಲ, ಮೈಯೆಲ್ಲ ಹಳದಿ, ಕಣ್ಣಿನ ಹತ್ತಿರ ಕಾಡಿಗೆ ಎಳೆದ ಹಾಗೆ ಕಪ್ಪು ಗೆರೆ, ಅದರ ಇಂಗ್ಲಿಷ್ ಹೆಸರು ಓರಿಯೋಲ್. ಆ ಪದ ಔರೆಯುಸ್‌ನ ಮಗುವೇ. ಲ್ಯಾಟಿನ್‌ನಲ್ಲಿ ‘ಔರೆಯೊಲುಸ್’ ಅಂದರೆ ಪುಟ್ಟ ಚಿನ್ನದ್ದು. ಹಳೇ ಫ್ರೆಂಚ್‌ನಲ್ಲಿ ‘ಓರಿಯೋಲ್’ ಆಗಿ, ಅಲ್ಲಿಂದ ವಿಜ್ಞಾನದ ಹೆಸರಾದ ‘ಓರಿಯೋಲಸ್’ಗೂ ಇಂಗ್ಲಿಷಿಗೂ ಬಂತು. ಕನ್ನಡದಲ್ಲಿ ಹೊನ್ನಕ್ಕಿ, ಅಲ್ಲಿ ಔರೆಯೊಲುಸ್. ಯಾರೂ ಯಾರನ್ನೂ ಕೇಳದೆ ಒಂದೇ ಹೆಸರಿಟ್ಟಿದ್ದಾರೆ.

ನಮ್ಮ ಗುಳ್ಳೆನರಿಯ ವೈಜ್ಞಾನಿಕ ಹೆಸರು ‘ಕ್ಯಾನಿಸ್ ಔರಿಯಸ್’, ಚಿನ್ನದ ನಾಯಿ ಅಂತ. ಲಿನ್ನೇಯಸ್ 1758ರಲ್ಲಿ ಕೊಟ್ಟಿದ್ದು. ನರಿಯನ್ನು ನೋಡಿದವರಿಗೆ ಅದು ಚಿನ್ನ ಅನ್ನಿಸುವುದು ಕಷ್ಟ, ಮಾಸಲು ಕಂದು ಬಣ್ಣ. ಆದರೆ ಸಂಜೆ ಓರೆ ಬಿಸಿಲಿನಲ್ಲಿ ಹೊಲದ ಬದುವಿನ ಮೇಲೆ ನಿಂತಾಗ ನಿಜವಾಗಿ ಹೊಂಬಣ್ಣ ಬರುತ್ತದೆ.

ಒಂದು ಪ್ರಶ್ನೆಯೂ ಇದೆ. ಅಕ್ವೇರಿಯಂನ ಗೋಲ್ಡ್‌ಫಿಶ್‌ಗೆ ‘ಕರಾಸಿಯಸ್ ಔರಾಟಸ್’ ಎನ್ನುತ್ತಾರೆ. ಅಲ್ಲಿ ಔರಿಯಸ್ ಯಾಕೆ ಹಾಕಲಿಲ್ಲ?

ಹಳೆಮಾತು:
‘ಔರಾತುಸ್’ ಅಂದರೆ ಚಿನ್ನದ ಮುಲಾಮು ಹಾಕಿದ್ದು, ಚಿನ್ನ ಬಳಿದದ್ದು. ಔರೆಯುಸ್ ಅಂದರೆ ಒಳಗೂ ಹೊರಗೂ ಚಿನ್ನವೇ. ಲ್ಯಾಟಿನ್ ಬಲ್ಲವರು ಈ ವ್ಯತ್ಯಾಸವನ್ನು ಗಮನಿಸಿ ಬಳಸುತ್ತಿದ್ದರು, ಜೀವಿಗಳಿಗೆ ಹೆಸರಿಡುವಾಗ ಎರಡೂ ಹೆಚ್ಚು ಕಡಿಮೆ ಒಂದೇ ಕೆಲಸ ಮಾಡುತ್ತವೆ.

ಹಾಗೆಯೇ ಬಣ್ಣವನ್ನೇ ಹೇಳಬೇಕಿದ್ದರೆ ಲ್ಯಾಟಿನ್‌ನಲ್ಲಿ ಬೇರೆ ಪದಗಳಿದ್ದವು. ತಿಳಿ ಹಳದಿಗೆ, ಹೊಂಬಣ್ಣದ ಕೂದಲಿಗೆ ‘ಫ್ಲಾವುಸ್’, ಕಂದು ಮಿಶ್ರಿತ ಹಳದಿಗೆ ‘ಫುಲ್ವುಸ್’. ರೋಮ್‌ನ ಮಹಾಕವಿ ವರ್ಜಿಲ್ ಚಿನ್ನವನ್ನೇ ಫುಲ್ವುಸ್ ಎಂದು ಕರೆಯುತ್ತಾನೆ. ಔರೆಯುಸ್‌ನಲ್ಲಿ ಬಣ್ಣಕ್ಕಿಂತ ಬೆಲೆ ಜಾಸ್ತಿ, ಹೊಳಪು ಜಾಸ್ತಿ. ಅವನೇ ವೀನಸ್ ದೇವತೆಯನ್ನು ‘ಔರೆಯಾ’ ಎಂದಾಗ ಅವಳ ಮೈಬಣ್ಣದ ಮಾತಲ್ಲ ಅದು. ಬೇರೆ ರೋಮನ್ ಕವಿಗಳಲ್ಲಿ ಹೊರೇಸ್ ಅತಿಗೆ ಹೋಗದ ಬದುಕನ್ನು ‘ಔರೆಯಾ’ ಎಂದ, ಓವಿಡ್ ಮನುಷ್ಯರ ಮೊದಲ ಯುಗವನ್ನು ಹಾಗೆ ಕರೆದ. ನಾವು ಮಗುವನ್ನು ‘ಚಿನ್ನ’ ಎಂದು ಮುದ್ದಿಸುವಾಗ ಬಣ್ಣ ನೋಡುತ್ತೇವಾ?

ಛಂದಸ್ಸು:
ವರ್ಜಿಲ್ ಹೆಸರು ಬಂದದ್ದರಿಂದ ಛಂದಸ್ಸಿನ ಒಂದು ಮಾತು. ಔರೆಯುಸ್‌ನಲ್ಲಿ ಮೂರು ಅಕ್ಷರ: ಔ, ರೆ, ಯುಸ್. ಆದರೆ ಅವನ ಮಹಾಕಾವ್ಯದ ಮೊದಲ ಭಾಗದಲ್ಲೇ ಒಂದು ಸಾಲಿನಲ್ಲಿ ‘ಔರೆಯಾ’ ಎರಡೇ ಅಕ್ಷರವಾಗಿ ಬರುತ್ತದೆ, ಇಲ್ಲದಿದ್ದರೆ ಗಣ ಕೂಡುವುದಿಲ್ಲ. ‘ಔರ್ಯಾ’ ಎಂದು ಓದಬೇಕು. ಕವಿ ತನ್ನ ಅನುಕೂಲಕ್ಕೆ ಮಾಡಿಕೊಂಡದ್ದು ಅನ್ನಬಹುದು, ಆದರೆ ಆಡುಮಾತು ಆ ಕಡೆಗೇ ಹೋಗುತ್ತಿತ್ತು.

ಮಿಲಾನೋ_ಕನ್ನಡಿಗ:
ಆಡುಮಾತು ಅಂದಿರಲ್ಲ, ನಾನಿರುವ ಇಟಲಿಯಲ್ಲಿ ಚಿನ್ನಕ್ಕೆ ‘ಓರೋ’. ಫ್ರೆಂಚ್‌ನಲ್ಲಿ ‘ಓರ್’, ಸ್ಪ್ಯಾನಿಷ್‌ನಲ್ಲಿ ‘ಓರೋ’, ಪೋರ್ಚುಗೀಸ್‌ನಲ್ಲಿ ‘ಓಉರು’ ಥರ. ರೊಮೇನಿಯಾದವರು ಮಾತ್ರ ‘ಅಉರ್’ ಎನ್ನುತ್ತಾರೆ, ಹಳೆಯ ‘ಔ’ ಅಲ್ಲಿ ಬಿಡಿಯಾಗಿ ಉಳಿದಿದೆ. ಇಲ್ಲಿನ ಮೀನಿನ ಮಾರುಕಟ್ಟೆಯಲ್ಲಿ ‘ಒರಾತ’ ಎಂಬ ಮೀನು ತುಂಬಾ ಜನಪ್ರಿಯ, ಎರಡು ಕಣ್ಣಿನ ನಡುವೆ ಚಿನ್ನದ ಪಟ್ಟಿ ಇರುತ್ತದೆ. ಈ ‘ಔ’ ಯಾವಾಗ ‘ಓ’ ಆಯಿತು, ಯಾರಾದರೂ ಹೇಳುತ್ತೀರಾ?

ಹಳೆಮಾತು:
ನಿಮ್ಮ ಮೀನೇ ಅದಕ್ಕೆ ಸಾಕ್ಷಿ. ಮೇಲೆ ಹೇಳಿದ ಫೆಸ್ಟುಸ್‌ನ ಪದಕೋಶದಲ್ಲಿ ‘ಒರಾತ’ ಮೀನಿನ ಬಗ್ಗೆಯೇ ಟಿಪ್ಪಣಿ ಇದೆ. ಚಿನ್ನದ ಬಣ್ಣದಿಂದ ಆ ಹೆಸರು ಬಂತು, ಹಳ್ಳಿಯ ಜನ ಔರುಮ್‌ಗೆ ‘ಓರುಮ್’ ಎನ್ನುತ್ತಿದ್ದರು ಅಂತ. ಅಂದರೆ ಆ ಕಾಲದಲ್ಲೇ ಪಟ್ಟಣದ ಓದಿದವರು ‘ಔ’ ಎನ್ನುತ್ತಿದ್ದರೆ, ಹಳ್ಳಿಯವರು ‘ಓ’ ಎನ್ನುತ್ತಿದ್ದರು. ಕ್ಲೌದಿಯುಸ್ ಮನೆತನದ ಒಬ್ಬ ರಾಜಕಾರಣಿ ತನ್ನ ಹೆಸರನ್ನು ಕ್ಲೋದಿಯುಸ್ ಎಂದೇ ಬಳಸುತ್ತಿದ್ದ. ಆದರೆ ಈಗಿನ ಇಟಲಿಯ, ಸ್ಪೇನಿನ ‘ಓರೋ’ ನೇರವಾಗಿ ಆ ಹಳ್ಳಿಯ ‘ಓರುಮ್’ನಿಂದ ಬಂತು ಅಂತ ತಿಳಿಯಬೇಡಿ. ಹಾಗಿದ್ದರೆ ರೊಮೇನಿಯಾದಲ್ಲಿ ‘ಅಉ’ ಉಳಿಯುತ್ತಿರಲಿಲ್ಲ. ಒಂದೊಂದು ಭಾಷೆಯಲ್ಲೂ ‘ಔ’ ತಡವಾಗಿ, ಬೇರೆ ಬೇರೆಯಾಗಿ ‘ಓ’ ಕಡೆಗೆ ಜಾರಿದೆ.

ಪ್ರಶ್ನೆಪತ್ರಿಕೆ:
‘ಔರ’ ಎಂದು ಶುರುವಾಗುವ ಪದಗಳೆಲ್ಲ ಈ ಕುಟುಂಬಕ್ಕೇ ಸೇರುತ್ತವಾ? ಔರಂಗಾಬಾದ್, ಆರೋವಿಲ್, ಆಮೇಲೆ ಈಗ ಎಲ್ಲರೂ ಹೇಳುವ ‘ಔರಾ’?

ಹಳೆಮಾತು:
ಒಂದೊಂದನ್ನೂ ಬೇರೆಯಾಗಿ ನೋಡಬೇಕು. ಔರಂಗಾಬಾದ್‌ನ ‘ಔರಂಗ್’ ಪಾರ್ಸಿ ಪದ, ಸಿಂಹಾಸನ ಎಂದರ್ಥ, ಇಲ್ಲಿಗೆ ಸೇರುವುದಿಲ್ಲ. ಆರೋವಿಲ್‌ನ ಮೊದಲ ಭಾಗ ಅರವಿಂದರ ಹೆಸರು, ‘ಅರವಿಂದ’ ಅಂದರೆ ತಾವರೆ, ಬಂಗಾಳಿ ಉಚ್ಚಾರಣೆಯಲ್ಲಿ ‘ಅರೊಬಿಂದೊ’. ಫ್ರೆಂಚ್‌ನಲ್ಲಿ ಬೆಳಗಿಗೆ ‘ಓರೋರ್’ ಎನ್ನುವುದರಿಂದ ಆ ಊರಿನ ಹೆಸರಲ್ಲಿ ಬೆಳಗಿನ ಅರ್ಥವನ್ನೂ ಕೇಳಿಸಿಕೊಳ್ಳುವವರಿದ್ದಾರೆ. ‘ಔರಾ’ ಗ್ರೀಕ್ ಪದ, ತಂಗಾಳಿ ಎಂದರ್ಥ, ಅದಕ್ಕೂ ಚಿನ್ನಕ್ಕೂ ಸಂಬಂಧ ಇಲ್ಲ. ಆದರೂ 7ನೇ ಶತಮಾನದಲ್ಲಿ ಸೆವಿಲ್‌ನ ಬಿಷಪ್ ಇಸಿಡೋರ್ ಔರುಮ್ ಪದ ‘ಔರಾ’ದಿಂದಲೇ ಬಂತು, ಗಾಳಿಯಲ್ಲಿ ಜಾಸ್ತಿ ಹೊಳೆಯುವುದರಿಂದ ಆ ಹೆಸರು ಅಂತ ಬರೆದ. ಧ್ವನಿ ಬದಲಾವಣೆಯ ನಿಯಮ ಆಗ ಗೊತ್ತಿರಲಿಲ್ಲ, ಕಿವಿಯೊಂದೇ ದಾರಿಯಾಗಿತ್ತು. ಯುರೋಪಿನಲ್ಲಿ ಶತಮಾನಗಳ ಕಾಲ ಅವನ ಮಾತನ್ನೇ ಓದಿದರು.

‘ಔರೇಲಿಯುಸ್’ ಎಂಬ ಮನೆತನದ ಹೆಸರು ಮಾತ್ರ ನಿಜವಾದ ಬಂಧು. ಅದು ಮೊದಲು ‘ಔಸೇಲಿಯುಸ್’ ಆಗಿತ್ತು, ಸಾಬೀನ್ ಮೂಲ, ಸೂರ್ಯನ ಹೆಸರಿನಿಂದ ಬಂದದ್ದು ಅಂತ ಫೆಸ್ಟುಸ್‌ನಲ್ಲಿದೆ. ಅಲ್ಲೂ ‘ಸ’ ಹೋಗಿ ‘ರ’.

ದುರ್ಬೀನು:
ಕಿತ್ತಳೆ ಹಣ್ಣಿನ ‘ಆರೆಂಜ್’? ಅದರಲ್ಲೂ ಚಿನ್ನ ಇದೆ ಅಂತ ಎಲ್ಲೋ ಓದಿದ್ದೆ.

ಹಳೆಮಾತು:
ಇದೆ, ಆದರೆ ಹಿಂಬಾಗಿಲಿನಿಂದ ಬಂದದ್ದು. ಮೂಲ ಪದ ಸಂಸ್ಕೃತದ ‘ನಾರಂಗ’, ಅದೂ ದ್ರಾವಿಡ ಭಾಷೆಗಳಿಂದ ಹೋಗಿರಬೇಕು ಎನ್ನುವ ವಿದ್ವಾಂಸರು ಬಹಳ ಮಂದಿ. ಮಲಯಾಳದಲ್ಲಿ ಇವತ್ತಿಗೂ ನಿಂಬೆ ಜಾತಿಯ ಹಣ್ಣಿಗೆ ‘ನಾರಙ್ಙ’ ಎನ್ನುತ್ತಾರೆ. ಪಾರ್ಸಿ, ಅರಬ್ಬಿ ದಾಟಿ ಯುರೋಪಿಗೆ ಹೋದಾಗ ಮೊದಲ ‘ನ’ ಕಳಚಿಬಿತ್ತು. ಫ್ರೆಂಚರ ಬಾಯಲ್ಲಿ ಅದಕ್ಕೆ ‘ಓರ್’, ಅಂದರೆ ಚಿನ್ನ, ಸೇರಿಕೊಂಡು ‘ಓರಾಂಜ್’ ಆಯಿತು, ಹಣ್ಣಿನ ಬಣ್ಣ ಅದಕ್ಕೆ ಒಪ್ಪಿತು. ಲ್ಯಾಟಿನ್ ಬರೆಯುವವರು ಇನ್ನೂ ಮುಂದೆ ಹೋಗಿ ‘ಔರಾಂಟಿಯುಮ್’ ಎಂದರು, ಸಸ್ಯಶಾಸ್ತ್ರದಲ್ಲಿ ಈಗಲೂ ‘ಸಿಟ್ರಸ್ ಔರಾಂಟಿಯಮ್’.

ಕಲ್ಚರ್‌ಪ್ಲೇಟ್:
ಕೊನೆಯದಾಗಿ ಒಂದು. ಪೊನ್, ಹೊನ್ನು ನಮ್ಮದೇ ಪದ ಅಂತ ಗೊತ್ತಾಯಿತು. ‘ಬಂಗಾರ’?

ಛಂದಸ್ಸು:
ಬಂಗಾರ ಸಂಸ್ಕೃತದ ‘ಭೃಂಗಾರ’ದ ತದ್ಭವ. ಭೃಂಗಾರ ಅಂದರೆ ಚಿನ್ನದ ಗಿಂಡಿ, ಅಭಿಷೇಕಕ್ಕೆ ಬಳಸುವಂಥದ್ದು, ಚಿನ್ನ ಎಂಬ ಅರ್ಥವೂ ಅದಕ್ಕಿದೆ. ಹೊನ್ನು ಈಗ ಒಂಟಿಯಾಗಿ ಬರುವುದು ಕಡಿಮೆ, ಆದರೆ ಜೋಡಿ ಪದಗಳಲ್ಲಿ ಗಟ್ಟಿಯಾಗಿದೆ: ಹೊಂಬಿಸಿಲು, ಹೊಂಬಣ್ಣ, ಹೊಂಬಾಳೆ. ಲ್ಯಾಟಿನ್‌ನವರು ಪ್ರತ್ಯಯ ಹಚ್ಚಿ ಔರೆಯುಸ್ ಎಂದು ಬೇರೆ ಪದ ಮಾಡಬೇಕಾಯಿತು, ನಮಗೆ ‘ಹೊಂ’ ಎಂದು ಮುಂದೆ ಇಟ್ಟರೆ ಸಾಕು. ಮಾವನವರಿಗೆ ಇದನ್ನೂ ಓದಿ ಹೇಳಿ, ಹೊಂಬಾಳೆಯ ಬಗ್ಗೆ ಅವರ ಹತ್ತಿರ ಏನಾದರೂ ಇದ್ದರೆ ಇಲ್ಲಿ ಬರೆಯಿರಿ.